ಛತ್ರದ ಕೆಳಗಿನ ನೀರು

ಲೋಕಪಾವನಿ ಹೊಳೆಯ ದಡದ ಆ ಊರಿನವರು ಶುದ್ಧ ಕುಡಿಯುವ ನೀರಿನ ಘಟಕ ಕಟ್ಟಿಸಿ, ಅದರ ಗೋಡೆಯ ಮೇಲೆ ತಾವರೆ, ಹಂಸ ಬರೆಯುವಂತೆ ಧನುಶ್ರೀಗೆ ಹೇಳಿದ್ದರು. ಮೈಸೂರಿನಲ್ಲಿ ಚಿತ್ರಕಲೆ ಓದಿ ಬಂದ ಅವಳಿಗೆ ಸ್ವಂತ ಊರಿನಲ್ಲಿ ದೊರೆತ ಮೊದಲ ಗೋಡೆ ಅದು. ಆದರೆ ಹೊಳೆಯಲ್ಲಿ ತಾವರೆಯೂ ಇರಲಿಲ್ಲ, ಹಂಸವೂ ಇರಲಿಲ್ಲ. ಇರುವುದೇನೆಂದು ತಿಳಿಯಲು ಅವಳು ಬಾಟಲಿಗಳಲ್ಲಿ ನೀರು ತುಂಬಿಕೊಂಡು, ಪಾಂಡವಪುರದ ಕಾಲೇಜಿನಲ್ಲಿ ಜೀವವಿಜ್ಞಾನ ಕಲಿಸುವ ಗೆಳತಿ ಯಶೋಧಳ ಬಳಿಗೆ ಹೋದಳು.

ಹೊಳೆ ಊರಿಗೆ ಬರುವ ಮೊದಲಿನ, ಅಂದರೆ ಊರಿನ ಮೇಲಿನ ನೀರಿನಲ್ಲಿ, ಸೂಕ್ಷ್ಮದರ್ಶಕದ ಕೆಳಗೆ, ಗಾಜಿನ ದೋಣಿಗಳಂಥ ಪಾಚಿಗಳು ಕಂಡವು. ಮದುವೆ ಛತ್ರ ದಾಟಿ ಹರಿದ, ಅದರ ಕೆಳಗಿನ ನೀರನ್ನು ಯಶೋಧ ಪರೀಕ್ಷೆಗಿಟ್ಟು, ಕರುಳಿನ ಬ್ಯಾಕ್ಟೀರಿಯಾ ತುಂಬಿವೆ ಎಂದಳು.

“ಬರೀ ಕಡ್ಡಿಯಂಗೆ ಕಾಣ್ತವೆ ಕಣೇ. ಬಾಲ ಬೇಕಂದ್ರೆ ಪುಸ್ತಕ ನೋಡ್ಕಂಡು ಬರಿ.”

ಧನುಶ್ರೀ ಗೋಡೆಯ ಮೇಲೆ ಚುಕ್ಕಿಯಿಟ್ಟು, ಎಳೆ ಎಳೆದು, ರಂಗೋಲಿಯ ಕ್ರಮದಲ್ಲಿ ಎರಡನ್ನೂ ಬರೆದಳು. ಬ್ಯಾಕ್ಟೀರಿಯಾ ಬಹಳ ಚೆಲುವಾಗಿ ಬಂದವು. ಅದರಲ್ಲಿ ಅವುಗಳ ತಪ್ಪೇನೂ ಇರಲಿಲ್ಲ. ಹೊಳೆಗೆ ಹೊರಟ ಹೆಂಗಸರು ಕೊಡ ಇಳಿಸಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಕೊನೆಯಲ್ಲಿ ಅವಳು ಒಂದು ಚಿತ್ರದ ಅಡಿಯಲ್ಲಿ ‘ಊರಿನ ಮೇಲಿನ ನೀರು’ ಎಂದೂ, ಇನ್ನೊಂದರ ಅಡಿಯಲ್ಲಿ ‘ಛತ್ರದ ಕೆಳಗಿನ ನೀರು’ ಎಂದೂ ಬರೆದಳು.

ನೀರು ಸಮಿತಿಯ ಅಧ್ಯಕ್ಷ ಕನಕರಾಜು ಚಿತ್ರವನ್ನು ಮನಸಾರೆ ಹೊಗಳಿ, ಬಳಿಕ ಬರಹ ಓದಿದರು. ಛತ್ರ ಅವರದೇ. ಅದರ ಶೌಚಾಲಯದ ಕೊಳವೆ ಹೊಳೆಗೆ ಇಳಿದಿರುವುದು ಊರಿಗೆಲ್ಲ ಗೊತ್ತಿತ್ತು. ಹೊಳೆಯನ್ನು ತಾಯಿ ಎಂದು ಕೈಮುಗಿದು, ಅದೇ ತಾಯಿಯ ಮಡಿಲಿಗೆ ಕೊಳವೆ ಬಿಟ್ಟು, ಆಮೇಲೆ ಶುದ್ಧೀಕರಣದ ಯಂತ್ರಕ್ಕೆ ಹೂವಿನ ಹಾರ ಹಾಕುವ ಈ ನಡತೆಗೆ ಅಲ್ಲಿ ಅಭಿವೃದ್ಧಿ ಎಂಬ ಹೆಸರಿತ್ತು.

“ಚಿತ್ರ ಇರ್ಲಿ ಕಣಮ್ಮಿ, ಬರೆದಿರೋದ ಅಳಿಸ್ಬುಡು,” ಎಂದರು ಕನಕರಾಜು.

“ಬರಹ ಇಲ್ದಿದ್ರೆ ಅದು ಸುಳ್ಳಾಯ್ತದೆ, ದೊಡ್ಡಪ್ಪ.”

“ರಂಗೋಲೀಲಿ ಸುಳ್ಳೇನು, ನಿಜ ಏನು? ನೀನೇನ್ ಕಲಾವಿದೆನಾ, ಆರೋಗ್ಯ ಇಲಾಖೆನಾ?”

“ನೋಡಿದ್ದ ಬರ್ದಿವ್ನಿ.”

“ನಾಗಮಂಗಲದ ಇಸ್ಕೂಲ್ ಗೋಡೆನೂ ನಿಂಗೇ ಕೊಡಿಸ್ಬೇಕು ಅಂತಿದ್ದೆ. ಅಳಿಸ್ತೀಯೋ, ಸುಣ್ಣ ಹೊಡೆಸ್ಲೋ?”

ಹೆಸರಿಲ್ಲದ ಚಿತ್ರ ಉಳಿಯುವುದಕ್ಕಿಂತ ಚಿತ್ರವೇ ಇಲ್ಲದಿರುವುದು ಮೇಲೆಂದು ಧನುಶ್ರೀಗೆ ತೋರಿತು. “ಹೊಡೆಸಿ,” ಎಂದಳು. ಸಂಜೆಯೊಳಗೆ ಗೋಡೆ ಬೆಳ್ಳಗಾಯಿತು. ನಾಗಮಂಗಲದ ಗೋಡೆಯೂ ಹೋಯಿತು.

ಮರುದಿನ ಧನುರ್ಮಾಸದ ಬೆಳಗು. ಹಾಲು ತರಲು ಹೊರಟ ಧನುಶ್ರೀ ಬೀದಿಯ ತುದಿಯಲ್ಲೇ ನಿಂತಳು. ಮನೆಮನೆಯ ಬಾಗಿಲಲ್ಲಿ ಸಗಣಿ ಸಾರಿಸಿ, ಫೋಟೊ ನೋಡಿಕೊಂಡು ಹೆಂಗಸರು ಕರುಳಿನ ಬ್ಯಾಕ್ಟೀರಿಯಾ ಬಿಡಿಸಿದ್ದರು. ಕೆಲವಕ್ಕೆ ಅರಿಸಿನ ಕುಂಕುಮ ಏರಿಸಿ, ನಡುವೆ ಕುಂಬಳದ ಹೂವನ್ನೂ ಇಟ್ಟಿದ್ದರು. ಬರಹ ಎಲ್ಲಿಯೂ ಇರಲಿಲ್ಲ. ಅಧ್ಯಕ್ಷರು ಬಯಸಿದ್ದು ಊರಿನಗಲ ನೆರವೇರಿತ್ತು.

ಎಲ್ಲಕ್ಕಿಂತ ದೊಡ್ಡದು ಅವರ ಮನೆಯ ಬಾಗಿಲಲ್ಲಿತ್ತು. ಅವರ ಹೆಂಡತಿ ಪುಟ್ಟಲಕ್ಷ್ಮಮ್ಮ ಕೊನೆಯ ಬಾಲ ಎಳೆಯುತ್ತಿದ್ದರು.

“ಬಾ ಮಗ, ನಿಂದೇ ಇದು. ಇದೇನು ಬಳ್ಳಿನಾ, ಹಾವಾ?”

ಧನುಶ್ರೀಗೆ ಸುಮ್ಮನೆ ನಡೆದುಬಿಡುವುದು ಸುಲಭವಿತ್ತು. “ದೊಡ್ಡವ್ವ, ಅದು ಮಲದಲ್ಲಿರೋ ಹುಳ,” ಎಂದಳು. “ನಿಮ್ ಛತ್ರದ ಕೊಳವೆ ಕೆಳಗ್ಲ ನೀರಲ್ಲಿ ಅವೆ. ಬರೆದಿದ್ದೆ, ಸುಣ್ಣ ಹೊಡೆಸ್ಬುಟ್ರು.”

ಪುಟ್ಟಲಕ್ಷ್ಮಮ್ಮ ಪುಡಿಯ ಬಟ್ಟಲು ಹಿಡಿದು ರಂಗೋಲಿಯನ್ನೇ ನೋಡಿದರು.

“ಆ ನೀರಲ್ಲೇ ಕಣೇ ನಾನು ದೇವ್ರ ಪಾತ್ರೆ ಬೆಳಗೋದು.”

ಬಟ್ಟಲನ್ನು ಅವಳ ಕೈಗಿತ್ತರು. “ಅದೇನ್ ಬರೆದಿದ್ಯೋ, ಇಲ್ ಬರಿ.”

ಧನುಶ್ರೀ ಕೂತು ಬರೆದಳು. ಎದುರು ಮನೆಯ ಮಂಚಮ್ಮ ಎದ್ದು ಬಂದು ಓದಿದಳು. ಓದಿ, ಪಕ್ಕದ ಮನೆಯವಳನ್ನು ಕೂಗಿದಳು.

ಹಲ್ಲುಜ್ಜುತ್ತ ಬಂದ ಕನಕರಾಜು ಹೊಸಿಲ ಒಳಗೇ ನಿಂತು ಓದಿದರು. ಕಾಲೆತ್ತಿದರು.

“ಬಾಗ್ಲ ರಂಗೋಲಿನ ಕಾಲಲ್ಲಿ ಅಳಿಸ್ತಾರೇನ್ರೀ?” ಎಂದರು ಪುಟ್ಟಲಕ್ಷ್ಮಮ್ಮ. “ನಾಳೆ ಗುಡಿಸೋವರ್ಗೂ ಇರ್ತದೆ. ನಾಳೆನೂ ಇದ್ನೇ ಬಿಡಿಸ್ತೀನಿ. ಕೊಳವೆ ಕೀಳ್ಸೋಗಂಟ.”

ಅಧ್ಯಕ್ಷರು ಕಾಲು ಹಿಂದಕ್ಕೆ ತೆಗೆದುಕೊಂಡರು. ಅಂದು ಅವರು ನೀರಿನ ಘಟಕದ ಉದ್ಘಾಟನೆಗೆ ಹಿತ್ತಲ ಬಾಗಿಲಿನಿಂದ, ಪಂಚೆ ಎತ್ತಿ ಹಿಡಿದು ಚರಂಡಿ ದಾಟಿಕೊಂಡು ಹೋದರು.