ದೋಷ ಕಂಡುಬಂದಿಲ್ಲ

"ನಿಲ್ಲಲಿಲ್ಲ ಸಾ."

ಟ್ರಯಲ್ ನೋಡಿಕೊಂಡು ಬಂದ ಮೆಕ್ಯಾನಿಕ್ ಶಾಂತರಾಜು ಬೈಕಿನಿಂದ ಇಳಿಯದೆಯೇ ಹೇಳಿದ. ರವೀಂದ್ರನಿಗೆ ಇದು ಮೊದಲೇ ಗೊತ್ತಿತ್ತು. ಬೆಳಿಗ್ಗೆ ಕೊಣನೂರಿನಿಂದ ಹಾಸನಕ್ಕೆ ಬರುವಷ್ಟರಲ್ಲಿ ಎರಡು ಸಲ ನಡುರಸ್ತೆಯಲ್ಲಿ ಸತ್ತಂತೆ ನಿಂತ ಗಾಡಿ, ಶೋರೂಮಿನ ಗೇಟು ದಾಟಿದ್ದೇ ತಡ, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯಷ್ಟು ಒಳ್ಳೆಯದಾಗಿಬಿಟ್ಟಿತ್ತು. ಪ್ರತಿ ಸಲವೂ ಹೀಗೆ. ಇದು ಆರನೆಯ ಸಲ.

"ಎಲ್ಲಿಗಂಟ ಓಗಿದ್ರಿ?"

"ಡೈರಿ ಸರ್ಕಲ್."

"ಅಷ್ಟಕ್ಕೆಲ್ಲ ನಿಲ್ಲಲ್ಲ. ಅರ್ಧ ಗಂಟೆ ಓಡ್ಬೇಕು. ಹಿಂದೆ ಒಬ್ರು ಕೂತಿರ್ಬೇಕು. ರಸ್ತೆ ಕಿತ್ತೋಗಿರ್ಬೇಕು."

"ಅಂಗಾದ್ರೆ ನಿಮ್ಮೂರಿಗೇ ಬರ್ಬೇಕು ಬುಡಿ," ಎಂದು ಶಾಂತರಾಜು ನಕ್ಕ. "ನಿಮ್ ಗಾಡಿಗೆ ನಮ್ ಕಂಡ್ರೆ ಪಿರೂತಿ ಸಾ. ನಿಮ್ ಕಂಡ್ರೇ ಆಗಲ್ಲ."

ರವೀಂದ್ರ ನಗಲಿಲ್ಲ. ಕೌಂಟರಿನ ಹಿಂದೆ ಸರ್ವಿಸ್ ಅಡ್ವೈಸರ್ ಶಿವರಂಜನಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಳು.

"ಅನಿಲ್‌ಕುಮಾರ್ ಸರ್, ಜಾಬ್ ಕಾರ್ಡಲ್ಲಿ 'ದೋಷ ಕಂಡುಬಂದಿಲ್ಲ' ಅಂತ ಹಾಕಿ ಕ್ಲೋಸ್ ಮಾಡ್ಲಾ?"

ಅನಿಲ್‌ಕುಮಾರ್ ಅವನಲ್ಲ. ಅನಿಲ್‌ಕುಮಾರ್ ಅವನ ಬಾವ, ನುಗ್ಗೇಹಳ್ಳಿಯವನು, ತಂಗಿ ಭವ್ಯಳ ಗಂಡ. ಗಾಡಿ ಮದುವೆಯಲ್ಲಿ ಕೊಟ್ಟಿದ್ದು; ಕಾಗದಪತ್ರವೆಲ್ಲ ಬಾವನ ಹೆಸರಿನಲ್ಲಿತ್ತು. ಮೊದಲ ಸಲ ಬಂದಾಗ ರವೀಂದ್ರ ತಿದ್ದಿದ್ದ. ಎರಡನೇ ಸಲವೂ ತಿದ್ದಿದ್ದ. ಈಗ ಆ ಹೆಸರು ಕರೆದರೆ ತಲೆಯೆತ್ತುತ್ತಿದ್ದ.

"ಹೊಸ ಗಾಡಿ ಅಲ್ವಾ ಸರ್. ಓಡ್ತಾ ಓಡ್ತಾ ಸೆಟ್ ಆಗುತ್ತೆ."

ಸೆಟ್ ಆಗುತ್ತೆ. ಈ ಮಾತನ್ನು ಅವನು ಮನೆಯಲ್ಲೂ ಕೇಳಿದ್ದ. ಮದುವೆಯಾದ ಹೊಸದರಲ್ಲಿ ಭವ್ಯ ಫೋನು ಮಾಡಿ, ಏನೂ ಹೇಳದೆ ಸುಮ್ಮನೆ ಉಸಿರಾಡುತ್ತಿದ್ದಾಗ, ಅವ್ವ ಸ್ಪೀಕರಿಗೆ ಬಾಯಿಟ್ಟು ಹೇಳಿದ್ದು ಇದನ್ನೇ. "ಒಸದ್ರಲ್ಲಿ ಅಂಗೇ ಕಣವ್ವ. ಓಯ್ತಾ ಓಯ್ತಾ ಸೆಟ್ಟಾಯ್ತದೆ."

ಮದುವೆಯಾದ ಮೂರನೇ ವಾರ ಗಾಡಿ ನುಗ್ಗೇಹಳ್ಳಿ ಬಸ್ ಸ್ಟ್ಯಾಂಡಿನ ಎದುರಿಗೇ ನಿಂತಿತು. ಗೆಳೆಯನೊಬ್ಬ "ಮಾವನ್ ಮನೆ ಗಾಡಿ ಕಣ್ಲಾ, ಮಾವನ್ ಮನೆ ಕಡೀಕ್ ತಿರುಗ್ಸುದ್ರೆ ಓಡ್ತದೆ" ಅಂದನಂತೆ. ಆಮೇಲೆ ನಿಲ್ಲುತ್ತಲೇ ಹೋಯಿತು. ಓಡಿದ ದಿನ ಅದು ಅವರ ಗಾಡಿ, ನಿಂತ ದಿನ ಇವರ ಗಾಡಿ. ಮೂರು ವಾರದ ಹಿಂದೆ ಅನಿಲ್‌ಕುಮಾರ್ ಭವ್ಯಳನ್ನು ಹಿಂದೆ ಕೂರಿಸಿಕೊಂಡು ಇವರ ಊರು ಕೊಣನೂರಿಗೆ ಬಂದ. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಕೀಲಿಯನ್ನು ಕಿಟಕಿಯ ಮೇಲಿಟ್ಟು, ನೀರು ಕುಡಿದು, ಬಸ್ಸಿಗೆ ಹೊರಟ.

"ಸರಿಯಾದ್ ಮ್ಯಾಲೆ ಇಬ್ರುನ್ನೂ ಒಟ್ಗೇ ಕಳ್ಸಿ," ಅಂದಿದ್ದ.

ಇಬ್ಬರನ್ನೂ. ಅವನು ಹಾಗೇ ಅಂದಿದ್ದು. ನಿನ್ನೆ ಫೋನಿನಲ್ಲಿ ಇನ್ನೊಂದು ಮಾತು ಸೇರಿಸಿದ. "ನಾಳೆ ಸಾಯಂಕಾಲದೊಳಗೆ ಬರ್ಲಿಲ್ಲ ಅಂದ್ರೆ ಎರಡೂ ಅಲ್ಲೇ ಇರ್ಲಿ ಬುಡಿ. ನಮ್ಗೇನ್ ಬ್ಯಾಡ."

ಆ ಮಾತಿಗೆ ಅವ್ವ ರಾತ್ರಿ ಉಣ್ಣಲಿಲ್ಲ. ಅಪ್ಪ ಜಗಲಿಯಿಂದ ಏಳಲಿಲ್ಲ. ಬೆಳಿಗ್ಗೆ ಭವ್ಯ ತಾನಾಗಿಯೇ ಬಟ್ಟೆಯ ಬ್ಯಾಗು ಹಿಡಿದು ಗಾಡಿ ಹತ್ತಿದಳು. ಈಗ ಗಾಜಿನ ಆಚೆ, ಗಿರಾಕಿಗಳು ಕಾಯುವ ಕೋಣೆಯಲ್ಲಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಕ್ಲೋಸ್ ಮಾಡ್ಬ್ಯಾಡಿ," ಎಂದ ರವೀಂದ್ರ. ದನಿ ತಾನೆಣಿಸಿದ್ದಕ್ಕಿಂತ ಜೋರಾಗಿತ್ತು.

ಅವನು ಡಿಪ್ಲೊಮಾವನ್ನು ಎರಡನೇ ವರ್ಷಕ್ಕೆ ಬಿಟ್ಟವನು. ಅರಕಲಗೂಡಿನ ತಾಲ್ಲೂಕು ಕಚೇರಿಯ ಎದುರು ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್ ಇಟ್ಟುಕೊಂಡು ಜನರ ಅರ್ಜಿ ಬರೆಯುತ್ತಿದ್ದ. ಅವನು ಬರೆದ ಅರ್ಜಿ ವಾಪಸು ಬರುವುದಿಲ್ಲ ಎಂದು ಹೆಸರಿತ್ತು. ಯಾವ ದಿನ, ಯಾವ ಹೊತ್ತು, ಯಾರು ಏನಂದರು: ಕೇಳಿ ಕೇಳಿ ಬಾಯಿ ಬಿಡಿಸುತ್ತಿದ್ದ. ಗಾಡಿಗೂ ಒಂದು ನೋಟ್‌ಬುಕ್ಕು ಮಾಡಿದ್ದ. ಹದಿನಾಲ್ಕು ಸಲ ನಿಂತಿದ್ದಕ್ಕೆ ಹದಿನಾಲ್ಕು ಸಾಲು. ತಾರೀಖು, ಮೀಟರಿನ ಓದು, ಜಾಗ, ಬಿಸಿಲೋ ಮಳೆಯೋ.

ಹೋದ ಸಲ ಶಿವರಂಜನಿಯೇ ಹೇಳಿದ್ದಳು: "ವಿಡಿಯೋ ಇದ್ರೆ ತನ್ನಿ ಸರ್. ಡಬಲ್ಸ್ ಹೋದಾಗ ಆಗುತ್ತಾ ನೋಡಿ." ಅದಕ್ಕೇ ಅವನು ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಭವ್ಯಳನ್ನು ಹತ್ತಿಸಿಕೊಂಡು ಹೋಗುತ್ತಿದ್ದ. ಕೊಣನೂರಿನ ಸುತ್ತ, ಹೊಳೆ ದಂಡೆಗೆ, ಹೊಗೆಸೊಪ್ಪಿನ ಹೊಲಗಳ ನಡುವಿನ ರಸ್ತೆಗೆ. ನಿಲ್ಲುವ ತನಕ ಓಡಿಸುವುದು, ನಿಂತ ಕೂಡಲೇ ಫೋನು ತೆಗೆಯುವುದು.

ಅವನು ಫೋನನ್ನು ಕೌಂಟರಿನ ಮೇಲಿಟ್ಟ. "ನೋಡಿ. ದೋಷ ಕಾಣ್ತದಾ ಇಲ್ವಾ ನೋಡಿ. ಕಣ್ಣಿದ್ರೆ ನೋಡಿ."

"ಬಯ್ಬೇಡಿ ಸರ್."

"ಬಯ್ತಾ ಇಲ್ಲ. ತೋರುಸ್ತಾ ಇದೀನಿ."

ಶಾಂತರಾಜು ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದ. ಮೊದಲನೆಯದನ್ನು ನಗುತ್ತಲೇ ನೋಡಿದ. ಎರಡನೆಯದರಲ್ಲಿ ನಗು ನಿಂತಿತು. ಮೂರನೆಯದನ್ನು ತಡೆದು, ಹಿಂದಕ್ಕೆಳೆದು, ಎರಡು ಬೆರಳಲ್ಲಿ ಹಿಗ್ಗಿಸಿದ.

"ಥೋ. ಸ್ಟ್ಯಾಂಡ್ ದೀಪ ಉರೀತಾ ಅದಲ್ಲ ಸಾ."

ಮೀಟರಿನ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು. ರವೀಂದ್ರ ಪ್ರತಿ ವಿಡಿಯೋದಲ್ಲೂ ಅದನ್ನು ಚಿತ್ರಿಸಿದ್ದ. ಒಂದು ಸಲವೂ ನೋಡಿರಲಿಲ್ಲ.

"ಸೈಡ್ ಸ್ಟ್ಯಾಂಡ್ ಹತ್ರ ಒಂದು ಸ್ವಿಚ್ ಅದೆ. ಸ್ಟ್ಯಾಂಡ್ ಆಕಿದ್ರೆ ಎಂಜಿನ್ ಆಫ್. ಅದು ಕೆಟ್ಟೋಗದೆ. ಗುಂಡಿಗೆ ಎಗುರ್‌ದಾಗ ಒಳಗೆ ಲೂಸಾಯ್ತದೆ. ಓಡ್ತಾ ಇದ್ರೂವೆ ನಿಂತೇ ಇವ್ನಿ ಅನ್ಕಂಡ್ಬುಡ್ತದೆ." ಶಾಂತರಾಜುವಿನ ಮುಖದಲ್ಲಿ ಮೊದಲ ಬಾರಿಗೆ ಮರ್ಯಾದೆ ಕಂಡಿತು. "ಇಷ್ಟೇ ಸಾ. ಹೆಬ್ಬೆರಳಷ್ಟು ಐಟಮ್ಮು."

ರವೀಂದ್ರನಿಗೆ ಗೆದ್ದೆ ಅನ್ನಿಸಿತು. ಗಾಜಿನಾಚೆ ನೋಡಿ ಭವ್ಯಳಿಗೆ ಕೈ ಎತ್ತಿದ. ಅವಳು ಎದ್ದು ಬಂದಳು.

ಶಿವರಂಜನಿ ಕಂಪ್ಯೂಟರಿನಲ್ಲಿ ಹುಡುಕಿದಳು. "ಸ್ಟಾಕ್ ಇಲ್ಲ ಸರ್. ಕಂಪನಿಗೆ ಹಾಕ್ತೀವಿ. ಹತ್ತು ಹನ್ನೆರಡು ದಿನ ಆಗ್ಬೋದು. ಗಾಡಿ ಇಲ್ಲೇ ಬಿಟ್ಟೋಗಿ."

"ಹನ್ನೆರಡು ದಿನ?"

"ಇರ್ಲಿ ಬುಡಣ್ಣ," ಎಂದಳು ಭವ್ಯ. "ಹನ್ನೆರಡು ದಿನ ತಾನೆ. ಬಸ್ಸಲ್ಲೋಗನ ನಮ್ಮೂರ್ಗೆ. ಕಂಪನಿಯೋರೇ ಹೇಳುದ್ರು ಅಂದ್ರೆ ಅವ್ರೂ ಏನೂ ಅನ್ನಲ್ಲ."

"ನೀನ್ ಸುಮ್ಕಿರು. ಎಲ್ಲಾದಕ್ಕೂ ಇರ್ಲಿ ಬುಡು ಅಂತೀಯಲ್ಲ, ಅದ್ಕೇ ಎಲ್ರೂ ತಲೆ ಮ್ಯಾಲ್ ಕೂರದು. ನಾನ್ ಯಾರ್ಗೋಸ್ಕರ ಬಡ್ಕಂತಾ ಇವ್ನಿ?"

ಅವಳು ಬ್ಯಾಗಿನ ಜಿಪ್ಪನ್ನು ಎಳೆದಳು, ಮುಚ್ಚಿದಳು.

ಮುಂದಿನ ಅರ್ಧ ಗಂಟೆ ರವೀಂದ್ರ ಚೆನ್ನಾಗಿ ಜಗಳವಾಡಿದ. ಅದು ಅವನಿಗೆ ಬರುತ್ತಿದ್ದ ಕೆಲಸ. ಗ್ರಾಹಕರ ನ್ಯಾಯಾಲಯಕ್ಕೆಂದು ಟೈಪು ಮಾಡಿಟ್ಟುಕೊಂಡಿದ್ದ ಮೂರು ಪುಟ ತೆಗೆದು ಗಟ್ಟಿಯಾಗಿ ಓದಿದ. 'ಸದರಿ ವಾಹನವು' ಎಂಬಲ್ಲಿ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. 'ಮಾನಸಿಕ ಯಾತನೆ' ಎಂಬಲ್ಲಿ ಗಾಜಿನ ಕೋಣೆಯಿಂದ ಮ್ಯಾನೇಜರ್ ಹೊರಗೆ ಬಂದ. ಹೊಸ ಗಾಡಿಗಳ ಸಾಲಿನಲ್ಲಿ ಇದೇ ಮಾಡೆಲ್ಲು, ಇದೇ ಬಣ್ಣ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ ನಿಂತಿತ್ತು. ರವೀಂದ್ರ ಅದರತ್ತ ಬೆರಳು ತೋರಿಸಿದ.

"ಅದ್ರದ್ದು ಬಿಚ್ಚಿ ಹಾಕಿ. ಅದು ಹನ್ನೆರಡು ದಿನ ನಿಂತಿರ್ಲಿ. ನಮ್ದು ಓಡ್ಬೇಕು."

ಮ್ಯಾನೇಜರ್ ಗಿರಾಕಿಗಳನ್ನು ನೋಡಿದ, ಮೂರು ಪುಟಗಳನ್ನು ನೋಡಿದ. "ಬಿಚ್ಚಿ ಹಾಕ್ಕೊಡ್ರೀ ಶಾಂತರಾಜು," ಅಂದು ಒಳಗೆ ಹೋದ.

ಸ್ವಿಚ್ಚು ಬದಲಾಯಿಸಲು ಒಂದು ಕಾಫಿಯಷ್ಟು ಹೊತ್ತೂ ಹಿಡಿಯಲಿಲ್ಲ.

"ಕಂಪನಿಗೆ ಕ್ಲೇಮ್ ಹಾಕ್ಬೇಕು ಸರ್, ಆ ವಿಡಿಯೋಗಳು ಬೇಕು," ಎಂದಳು ಶಿವರಂಜನಿ. ಅವನು ಒಂದೊಂದಾಗಿ ಕಳಿಸಿದ. ಅವಳು ತನ್ನ ಪರದೆಯಲ್ಲಿ ಒಂದೊಂದಾಗಿ ತೆರೆದು ನೋಡಿದಳು. ಐದನೆಯದೋ ಆರನೆಯದೋ ಬಂದಾಗ ಅವಳ ಮುಖ ಸಡಿಲವಾಯಿತು.

"ತಂಗಿ ಅಲ್ವಾ ಸರ್ ಇವ್ರು? ಎಲ್ಲಾದ್ರಲ್ಲೂ ನಗ್ತಾ ಇದಾರೆ. ಗಾಡಿ ಕೆಟ್ರೆ ನಗೋರ್ನ ನಾನ್ ಇವತ್ತೇ ನೋಡಿದ್ದು."

ರವೀಂದ್ರ ಕೌಂಟರಿನ ಮೇಲೆ ಬಾಗಿದ.

ಮುಂದೆ ಗಾಡಿ. ಹಿಂದೆ, ಚಿತ್ರದ ಅಂಚಿನಲ್ಲಿ, ಭವ್ಯ. ಮೋರಿಯ ಕಟ್ಟೆಯ ಮೇಲೆ ಕೂತು ಸೀಬೆಹಣ್ಣು ಕಚ್ಚುತ್ತಿದ್ದಳು. ಇನ್ನೊಂದರಲ್ಲಿ ಚಪ್ಪಲಿ ಬಿಟ್ಟು ಕಾಲುವೆಯ ನೀರಿಗೆ ಕಾಲಿಳಿಬಿಟ್ಟಿದ್ದಳು. ಮತ್ತೊಂದರಲ್ಲಿ ಸುಮ್ಮನೆ ನಿಂತಿದ್ದಳು, ಗಾಳಿಗೆ ಕೂದಲು ಬಾಯಿಗೆ ಬರುತ್ತಿತ್ತು, ಯಾರನ್ನೂ ನೋಡದೆ ನಗುತ್ತಿದ್ದಳು. ಎಲ್ಲದರ ಮೇಲೂ ಅವನದೇ ದನಿ: "ಸಮಯ ಐದು ನಲವತ್ತು, ಗಾಡಿ ಮತ್ತೆ ನಿಂತಿದೆ." ಒಂದರಲ್ಲಿ ಅವಳೂ ಏನೋ ಅಂದಿದ್ದಳು. ಶಿವರಂಜನಿ ದನಿ ಏರಿಸಿದಳು.

"ಸರಿಯೋಗದೇ ಬ್ಯಾಡ ಬುಡಣ್ಣ ಇದು."

ಅದಕ್ಕೆ ವಿಡಿಯೋದಲ್ಲಿದ್ದ ರವೀಂದ್ರ ಅಂದಿದ್ದ: "ಮಾತಾಡ್ಬ್ಯಾಡ ಕಣೆ, ರೆಕಾರ್ಡ್ ಆಯ್ತದೆ."

"ಮುಗೀತು ಸಾ," ಎಂದು ಶಾಂತರಾಜು ಕೀಲಿ ತಂದುಕೊಟ್ಟ.

ಶಿವರಂಜನಿ ಕಾಗದ ಮುಂದಿಟ್ಟಳು. 'ದೂರು ಬಗೆಹರಿದಿದೆ, ನಾನು ತೃಪ್ತನಾಗಿದ್ದೇನೆ' ಎಂದಿತ್ತು. "ಕಂಪನಿಯಿಂದ ಫೋನ್ ಬಂದ್ರೆ ಹತ್ತಕ್ಕೆ ಹತ್ತು ಅನ್ನಿ ಸರ್. ಒಂಬತ್ತು ಅಂದ್ರೂ ನಮ್ಗೆ ಬಯ್ತಾರೆ."

ಆ ಸ್ವಿಚ್ಚನ್ನು ಮತ್ತೆ ಬಿಚ್ಚಿ, ಹನ್ನೆರಡು ದಿನ ಕಾಯುತ್ತೇವೆ ಅನ್ನಬಹುದಿತ್ತು. ಶಿವರಂಜನಿಯ ಮುಖ, ಗಾಜಿನ ಹಿಂದಿನ ಮ್ಯಾನೇಜರನ ಮುಖ, ಗೆದ್ದವನನ್ನು ನೋಡುವಂತೆ ನೋಡುತ್ತಿದ್ದ ಗಿರಾಕಿಗಳ ಮುಖ ಕಂಡವು. ಅವನು ಅನಿಲ್‌ಕುಮಾರ್ ಎಂದು ಸಹಿ ಹಾಕಿದ.

ನುಗ್ಗೇಹಳ್ಳಿಗೆ ಹೋಗಲು ಚನ್ನರಾಯಪಟ್ಟಣದ ಹೈವೇ ನೇರ. ನೂಲು ಹಿಡಿದ ಹಾಗೆ ನುಣ್ಣನೆಯ ರಸ್ತೆ. ರವೀಂದ್ರ ಹೊಳೆನರಸೀಪುರದ ಕಡೆ ತಿರುಗಿಸಿದ.

"ಈ ಕಡೀಕೆ ಯಾಕಣ್ಣ? ಸುತ್ತು."

"ಟ್ರಯಲ್ ಆಗ್ಲಿ."

ಗುಂಡಿಗಳನ್ನು ಹುಡುಕಿ ಹುಡುಕಿ ಓಡಿಸಿದ. ಮುಂದಿನ ಚಕ್ರ ಧಡ್ಡನೆ ಬಿದ್ದಾಗಲೆಲ್ಲ ಮೀಟರಿನ ಮೂಲೆ ನೋಡಿದ. ಕೆಂಪು ಬರಲಿಲ್ಲ. ಅರ್ಧ ಗಂಟೆಯಾಯಿತು. ಎಂಜಿನ್ನು ಬಿಸಿಯಾಯಿತು. ಮೂರು ವಾರದಿಂದ ಅವನು ಬೇಡಿದ್ದ ಹಾಗೆಯೇ ಗಾಡಿ ಓಡುತ್ತಿತ್ತು.

"ಅಲ್ಲಿ ಏನ್ ಮಾಡ್ತಾರೆ ನಿಂಗೆ?" ಎಂದು ಕೇಳಬೇಕೆಂದು ಬಾಯಿ ತೆರೆದ. ಹೆಲ್ಮೆಟ್ಟಿನೊಳಗೆ ಗಾಳಿ ನುಗ್ಗಿತು.

"ಏನಂದೆ?"

"ಏನಿಲ್ಲ."

ಹೊಳೆನರಸೀಪುರದ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ರೈಲೊಂದು ರಸ್ತೆಗೆ ಅಡ್ಡಲಾಗಿ ಬಂದು ಹಾಗೇ ನಿಂತುಬಿಟ್ಟಿತ್ತು. ಎಲ್ಲರೂ ಎಂಜಿನ್ನು ಆರಿಸಿದ್ದರು. ಟ್ರ್ಯಾಕ್ಟರಿನವನೊಬ್ಬ ಬೀಡಿ ಹಚ್ಚಿ, "ಇದು ಯಾರ್ ಮನೆ ಗಾಡೀನಪ್ಪ, ಅಡ್ಡ ಮನಿಕ್ಕಬುಡ್ತು" ಅಂದ. ಯಾರೋ ನಕ್ಕರು. ರವೀಂದ್ರ ಕೀಲಿ ತಿರುಗಿಸಿದ. ಭವ್ಯ ಇಳಿದು, ಬ್ಯಾಗು ಹಿಡಿದು ರಸ್ತೆ ಬದಿಗೆ ನಿಂತಳು.

"ಆ ಕೆಂಪು ದೀಪ," ಎಂದಳು. "ನಂಗೆ ಮೊದ್ಲೇ ಗೊತ್ತಿತ್ತು. ಹಿಂದ್ ಕೂತೋರ್ಗೂ ಕಾಣ್ತದೆ. ಅದು ಬಂತು ಅಂದ್ರೆ ನಿಲ್ತದೆ ಅಂತ."

"ಮತ್ಯಾಕ್ ಹೇಳ್ಲಿಲ್ಲ?"

"ನೀನ್ ಕೇಳ್ಲಿಲ್ವಲ್ಲಣ್ಣ."

ಫೋನು ಹೊಡೆದುಕೊಂಡಿತು. ಬಾವ.

"ಎಲ್ಲಿದೀರಾ ರವಿಯವ್ರೆ?"

"ಒಳೇನರಸೀಪುರ. ಗೇಟ್ ಬಿದ್ದದೆ."

"ಗಾಡಿ ಎಂಗದೆ?"

ಭವ್ಯ ಅವನನ್ನೇ ನೋಡುತ್ತಿದ್ದಳು. ಸರಿಯಾಗಿಲ್ಲ ಅನ್ನಬಹುದಿತ್ತು. ಹದಿನಾಲ್ಕು ಸಲ ಸಾಕ್ಷಿ ಸಮೇತ ಅಂದಿದ್ದ ಮಾತು. ಹದಿನೈದನೆಯ ಸಲ ಸಾಕ್ಷಿಯಿಲ್ಲದೆ ಅನ್ನಬೇಕಿತ್ತು. ಎರಡೂ ಅಲ್ಲೇ ಇರ್ಲಿ ಎಂಬ ದನಿ, ಉಣ್ಣದ ಅವ್ವ, ಜಗಲಿಯಿಂದೇಳದ ಅಪ್ಪ. ಅವನ ಗಂಟಲಿನಿಂದ ಹೊರಟಿದ್ದು ಅರ್ಜಿಯ ಭಾಷೆಯೇ, ಸ್ಪಷ್ಟವಾಗಿ, ತಪ್ಪಿಲ್ಲದೆ:

"ಸರಿಯಾಗಿದೆ."

"ಹಾಂ. ಅಂಗಾದ್ರೆ ಬನ್ನಿ."

ಭವ್ಯ ತಲೆ ತಗ್ಗಿಸಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. ಗಾಜನ್ನು ಕೆಳಗೆ ಎಳೆದುಕೊಂಡಳು.

ಎಲ್ಲೋ ದೂರದಲ್ಲಿ ರೈಲಿನ ಎಂಜಿನ್ನು ಜಗ್ಗಿತು. ಆ ಜಗ್ಗು ಒಂದು ಬೋಗಿಯಿಂದ ಇನ್ನೊಂದಕ್ಕೆ, ಕಬ್ಬಿಣ ಕಬ್ಬಿಣಕ್ಕೆ ಹೊಡೆಯುತ್ತಾ ಬಂದು ಅವರ ಮುಂದೆಯೇ ಹಾದುಹೋಯಿತು. ಬಾಗಿಲಿಲ್ಲದ, ಕಿಟಕಿಯಿಲ್ಲದ ಬೋಗಿಗಳು ಒಂದೊಂದಾಗಿ ಸರಿದವು. ಗೇಟು ಎದ್ದಿತು. ಟ್ರ್ಯಾಕ್ಟರು, ಆಟೊ, ಬಸ್ಸು ಎಲ್ಲ ಒಟ್ಟಿಗೆ ಗುಡುಗಿದವು. ರವೀಂದ್ರ ಸ್ಟಾರ್ಟ್ ಗುಂಡಿ ಒತ್ತಿದ. ಒಂದೇ ಒತ್ತಿಗೆ ಗಾಡಿ ಚಾಲೂ ಆಯಿತು.

ಹಿಂದಿನ ಬಸ್ಸು ಹಾರನ್ನು ಹೊಡೆಯಿತು. ಕನ್ನಡಿಯಲ್ಲಿ, ರಸ್ತೆ ಬದಿಗೆ ನಿಂತ ಭವ್ಯಳ ಹೆಲ್ಮೆಟ್ಟು ಕಾಣುತ್ತಿತ್ತು. ಮುಖ ಕಾಣುತ್ತಿರಲಿಲ್ಲ; ಗಾಜಿನ ಮೇಲೆ ಎತ್ತಿದ ಗೇಟಿನ ಕೆಂಪು ಬಿಳಿ ಪಟ್ಟೆಗಳು ಮಾತ್ರ ಬಿದ್ದಿದ್ದವು. ಅದು ಹತ್ತಿರ ಬರುತ್ತಿರಲಿಲ್ಲ, ದೂರವೂ ಹೋಗುತ್ತಿರಲಿಲ್ಲ. ರವೀಂದ್ರ ತಿರುಗಿ ನೋಡಲಿಲ್ಲ. ಎರಡೂ ಕಾಲು ನೆಲಕ್ಕೂರಿ, ಹಿಂದಿನ ಸೀಟು ತಗ್ಗುತ್ತದೆಯೋ ಇಲ್ಲವೋ ಎಂದು ಬೆನ್ನಿನಲ್ಲೇ ಕಾಯುತ್ತಾ ಕೂತ. ಎರಡೂ ಕಡೆಯಿಂದ ವಾಹನಗಳು ಅವನನ್ನು ಬೈಯುತ್ತಾ ಸುತ್ತಿ ಹೋದವು. ಅವನ ತೊಡೆಗಳ ನಡುವೆ ಎಂಜಿನ್ನು ಒಂದೇ ಸಮನೆ, ಒಂದು ಬಡಿತವೂ ತಪ್ಪದೆ ಬಡಿದುಕೊಳ್ಳುತ್ತಿತ್ತು.