ಬೆರಳು ಎತ್ತಿದ ಮೇಲೆ

"ನೀರು," ಎಂದಿತು ಪರದೆ.

ಅಣ್ಣ ಲೋಟವನ್ನು ಅಪ್ಪನ ಬಾಯಿಗೆ ಹಿಡಿದ. ಅಪ್ಪ ಎಡಗೈಯಿಂದ ತಳ್ಳಿಬಿಟ್ಟ. ಅರ್ಧ ನೀರು ಅಣ್ಣನ ಅಂಗಿಯ ಪಾಲಾಯಿತು.

"ನೋಡಿದ್ಯಾ ನಿನ್ನ ಜಾಣತನಾನ? ತಾನೇ ಕೇಳೋದು, ತಾನೇ ತಳ್ಳೋದು. ತಲೇಲಿ ಏನೂ ಉಳಿದಿಲ್ಲ ಅಂತ ಆವತ್ತಿಂದ ಬಡ್ಕೋತಿದ್ದೀನಿ."

ತಂಗಿ ಪರದೆಗೆ ಸಿಡಿದ ಹನಿಗಳನ್ನು ಒರೆಸಿದಳು. ಬಸ್ ಓಡಿಸುತ್ತಿದ್ದ ಅಪ್ಪನ ಬಲಗೈಯನ್ನೂ ಮಾತನ್ನೂ ಪಾರ್ಶ್ವವಾಯು ಒಟ್ಟಿಗೆ ಕಿತ್ತುಕೊಂಡಿತ್ತು. ಅವಳ ಕೆಲಸ ವೆಬ್ ಪುಟ ಮಾಡುವುದು. ಅಪ್ಪನಿಗೂ ಒಂದು ಮಾಡಿ, ಟ್ಯಾಬ್ಲೆಟ್ ಅನ್ನು ಮಂಚಕ್ಕೆ ಬಿಗಿದಿದ್ದಳು. ಅದರಲ್ಲಿ ಒಂದರ ಮೇಲೊಂದು ಚೌಕಗಳು: ಕೆಳಗೆ ನೀರು, ಅದರ ಮೇಲೆ ನೋವು, ಬೇಡ, ಹೌದು. ಮುಟ್ಟಿದರೆ ಅವಳು ಬರೆದಿಟ್ಟ ಪುಟ್ಟ ಆದೇಶ, ಒಂದು ಫಂಕ್ಷನ್, ಓಡಿ ಅವಳದೇ ದನಿಯಲ್ಲಿ ಆ ಮಾತು ಬರುತ್ತಿತ್ತು. ಮೇಲ್ತುದಿಯಲ್ಲಿ ತಮಾಷೆಗೆಂದು ಇನ್ನೊಂದು ಸೇರಿಸಿದ್ದಳು: ಸುಮ್ನಿರ್ರೋ. ಪ್ರಯಾಣಿಕರಿಗೂ ಮಕ್ಕಳಿಗೂ ಅಪ್ಪ ಹೇಳುತ್ತಿದ್ದದ್ದು ಅದೊಂದೇ.

ಅಪ್ಪನನ್ನು ಕರೆದೊಯ್ಯಲು ಆರೈಕೆ ಕೇಂದ್ರದ ಗಾಡಿ ಇಂದೇ ಬರುವುದಿತ್ತು. ಅಪ್ಪ ಬೇಡ ಎಂದರೆ ಕಳಿಸುವುದಿಲ್ಲ ಎಂದು ಅಣ್ಣ ಮಾತು ಕೊಟ್ಟಿದ್ದ. ಹೋಗ್ತೀಯಾ ಎಂದು ಕೇಳಿದರೆ ಅಪ್ಪ ಹೇಳಿದ್ದು ನೀರು.

ಇಷ್ಟು ದಿನ ಅವಳು ಪರದೆಯನ್ನೇ ನೋಡುತ್ತಿದ್ದಳು. ಈಗ ಕೈ ನೋಡಿದಳು. ಹೊದಿಕೆಯಿಂದ ಎದ್ದ ಎಡಗೈ ಒದ್ದೆ ಬಟ್ಟೆಯ ಹಾಗೆ ಕೆಳಗಿನ ಚೌಕದ ಮೇಲೆ ಬಿತ್ತು. ಪರದೆ "ನೀರು" ಎಂದಿತು. ಆದರೆ ಕೈ ನಿಲ್ಲಲಿಲ್ಲ. ಗಾಜಿಗೆ ಅಂಟಿಕೊಂಡೇ ಮೇಲೆ ತೆವಳಿತು.

"ಥೂ, ನನ್ನ ಬುದ್ಧಿಗಿಷ್ಟು!" ಎಂದು ಅವಳು ನೆಲದಲ್ಲೇ ಲ್ಯಾಪ್‌ಟಾಪ್ ತೆರೆದು ಕುಳಿತಳು. ಬೆರಳು ತಾಗಿದ ಕೂಡಲೇ ಫಂಕ್ಷನ್ ಓಡುತ್ತಿತ್ತು. ಆಮೇಲೆ ಆ ಬೆರಳು ಎಲ್ಲಿಗೆ ಹೋಯಿತೆಂದು ಪುಟ ನೋಡುತ್ತಲೇ ಇರಲಿಲ್ಲ. ಬೆರಳು ಎತ್ತಿದಾಗ ಓಡುವಂತೆ ಬದಲಿಸಿ, ತಾನೇ ಟ್ಯಾಬ್ಲೆಟ್ ಮೇಲೆ ಕೆಳಗಿನಿಂದ ಮೇಲಕ್ಕೆ ಬೆರಳು ಎಳೆದು ನೋಡಿದಳು. ಮತ್ತೆ ನೀರು! ಬೆರಳು ಎಲ್ಲಿ ಎದ್ದರೂ ಪುಟ ಅದನ್ನು ಮೊದಲು ಮುಟ್ಟಿದ ಚೌಕದ ಲೆಕ್ಕಕ್ಕೇ ಹಾಕುತ್ತಿತ್ತು. ಎದ್ದ ಜಾಗದಲ್ಲಿ ಯಾವ ಚೌಕವಿದೆ ಎಂದು ಬೇರೆಯಾಗಿ ಕೇಳಬೇಕು. ಅದನ್ನೂ ಬರೆದಳು.

"ಗಾಡಿಯವನು ಬೀದಿ ತಿರುವಲ್ಲಿದ್ದಾನಂತೆ. ಏಳೇ ಮೇಲೆ."

"ಒಂದು ನಿಮಿಷ ಇರೋ ಅಣ್ಣ."

"ನಿಂಗೇನು, ಭಾನುವಾರದ ಮಗಳು! ಎತ್ತೋನು ನಾನು, ತೊಳೆಯೋನು ನಾನು. ನಿನ್ನೆ ಇವನನ್ನ ತಿರುಗಿಸೋಕೆ ಹೋಗಿ ಸೊಂಟ ಉಳುಕಿ, ಗೋಡೆ ಹಿಡ್ಕೊಂಡು ಎದ್ದೆ, ಗೊತ್ತಾ?"

"ಅದಕ್ಕೆ ಸಾಮಾನಿನ ಥರ ಸಾಗಿಸಿಬಿಡ್ತೀಯಾ?"

"ಹಾಗಾದ್ರೆ ನಿನ್ನ ಮನೆಗೆ ಕರ್ಕೊಂಡು..."

"ಸುಮ್ನಿರ್ರೋ!"

ಇಬ್ಬರೂ ತಿರುಗಿದರು. ಅಪ್ಪನ ಬೆರಳು ಪರದೆಯ ತುದಿಯಿಂದ ಆಗಷ್ಟೇ ಮೇಲೆದ್ದಿತ್ತು. ಬಾಯಿಯ ಒಂದು ಮೂಲೆ ನಡುಗುತ್ತಿತ್ತು.

ಅಣ್ಣನಿಗೆ ನಗು ಉಕ್ಕಿತು. ಸೊಂಟಕ್ಕೆ ಕೈ ಕೊಟ್ಟು, ಹಲ್ಲು ಕಚ್ಚಿ, ಮಂಚದ ಪಕ್ಕ ಮಂಡಿಯೂರಿದ.

"ಅಪ್ಪ, ಆ ಕೇಂದ್ರಕ್ಕೆ ಹೋಗ್ತೀಯಾ? ನೀನು ಬೇಡ ಅಂದ್ರೆ ಬೇಡ, ಅಷ್ಟೇ."

ಬೆರಳು ನೀರಿನ ಮೇಲೆ ಬಿತ್ತು. ಪರದೆ ಬಾಯಿ ಬಿಡಲಿಲ್ಲ. ಬೆರಳು ನೋವನ್ನು ದಾಟಿತು. ಬೇಡದ ಮೇಲೆ ಬಂದು ನಿಂತಿತು. ಎತ್ತು ಅಪ್ಪ, ಎತ್ತು ಎಂದು ತಂಗಿ ಮನಸ್ಸಿನಲ್ಲೇ ಒದ್ದಾಡಿದಳು. ಅಪ್ಪ ಎತ್ತಲಿಲ್ಲ. ಸೊಂಟದ ಮೇಲಿದ್ದ ಮಗನ ಕೈಯನ್ನೇ ನೋಡುತ್ತಿದ್ದ. ಬೆರಳು ಮತ್ತೆ ತೆವಳಿತು, ಒಂದು ಚೌಕ ಮೇಲಕ್ಕೆ.

"ಹೌದು," ಎಂದಿತು ಅವಳದೇ ದನಿ.

ಹೊರಗೆ ಗಾಡಿ ಹಾರ್ನ್ ಹಾಕಿತು. ಅಣ್ಣ ಏಳಲಿಲ್ಲ. ಅಪ್ಪ ತಳ್ಳಿದ್ದ ಲೋಟದ ತಳದಲ್ಲಿ ಇನ್ನೂ ನೀರಿತ್ತು. ಅದನ್ನು ಎತ್ತಿಕೊಂಡು, ಒಂದೊಂದೇ ಗುಟುಕು ಕುಡಿಯುತ್ತ ಅಲ್ಲೇ ಕುಳಿತ. ಹಾರ್ನ್ ಇನ್ನೊಮ್ಮೆ ಕೂಗಿತು.