ಬೇವು ಕಟ್ಟಿದ ಬಾಗಿಲು

ಜೋರಾಪುರ ಪೇಟೆಯ ಈರಯ್ಯನ ಅಕ್ಷರ ಬಲು ದುಂಡಗೆ, ಮನಸ್ಸು ಬಲು ಮೆತ್ತಗೆ. ಮನೆಗೆ ಬಂದವರನ್ನು ಏಳ್ರಿ ಅನ್ನುವ ನಾಲಿಗೆಯನ್ನು ಶಿವ ಅವನಿಗೆ ಕೊಟ್ಟಿರಲಿಲ್ಲ. ಯುದ್ಧ ನಡೆದ ಕಾಲ. ದಂಡಿಗೆ ಹೋದ ಮಗನ ಕಾಗದ ಓದಿಸಲು ಒಬ್ಬರು, ರೇಶನ್ ಅರ್ಜಿ ಬರೆಸಲು ಇನ್ನೊಬ್ಬರು, ಸುಮ್ಮನೆ ಎಲೆ ಅಡಿಕೆ ಮೆಲ್ಲಲು ಎದುರುಮನೆಯ ಶಂಕ್ರೆಪ್ಪ.

ತಿಕೋಟಾದ ಗೌಡರು ನಕಲು ಮಾಡಲು ಕೊಟ್ಟ ಪುರಾಣದ ಹಳೆಯ ಹೊತ್ತಿಗೆ ಹುಳ ತಿಂದು ಜಾಳಾಗಿತ್ತು. ಶ್ರಾವಣದ ಮೊದಲ ಸೋಮವಾರ ಓದಲು ಅವರಿಗೆ ಹೊಸ ಪ್ರತಿ ಬೇಕು. ಉಳಿದದ್ದು ಒಂಬತ್ತು ದಿನ, ಬರೆಯುವುದು ನೂರು ಪುಟ. ಅದು ಮುಗಿದ ಮೇಲೆಯೇ ಜೈನಾಪುರಕ್ಕೆ ಹೋಗಿ, ಜ್ವರ ಹಿಡಿದು ಮಲಗಿದ ಅವ್ವನ ಮುಖ ನೋಡುವುದು. "ಔಷಧ ಹತ್ತೇತಿ, ಗಂಜಿ ಕುಡೀತಾಳ. ಬೇಕಾದ್ರ ಗಾಡಿ ಹೊಡಿಯೋ ಜಿಲಾನಿನ್ನ ಕಳಸ್ತೀನಿ" ಎಂದು ಅಣ್ಣ ಮಡಿವಾಳಯ್ಯ ಹೇಳಿ ಕಳಿಸಿದ್ದ.

ಅಂದು ಶಂಕ್ರೆಪ್ಪನ ಹರಟೆಯ ನಡುವೆ ಈರಯ್ಯ ಒಂದೇ ಪದ್ಯವನ್ನು ಎರಡು ಸಲ ಬರೆದ.

"ಯಾಕ್ರೀ ಅಯ್ಯನವರ, ಶಿವಗ ಕಿವಿ ಕೇಳೂದಿಲ್ಲೇನು? ಎರಡೆರಡು ಸಲ ಹೇಳಾಕತ್ತೀರಿ!" ಶಂಕ್ರೆಪ್ಪ ಹೊಟ್ಟೆ ಹಿಡಿದು ನಕ್ಕ.

ಅವನು ಹೋದದ್ದೇ ತಡ, ಈರಯ್ಯ ಹಾಳೆ ಹರಿದೆಸೆದು, ಹಿತ್ತಲ ಬೇವಿನ ಟೊಂಗೆ ಮುರಿದು ತಂದು ಬಾಗಿಲಿಗೆ ಕಟ್ಟಿದ. ಮನೆಯಲ್ಲಿ ಸಿಡುಬು ಎದ್ದದ್ದಕ್ಕೆ, ಮಂದಿಯ ಮಾತಿನಲ್ಲಿ ತಾಯಿ ಬಂದದ್ದಕ್ಕೆ, ಅದೇ ಗುರುತು. ಅಂಥ ಹೊಸ್ತಿಲನ್ನು ಯಾರೂ ದಾಟುತ್ತಿರಲಿಲ್ಲ.

ಹೆಂಡತಿ ಗೌರಾಬಾಯಿ ಮೂರು ವರ್ಷದ ಮಗಳನ್ನು ಎದೆಗವಚಿಕೊಂಡಳು. "ಬಾರದ ತಾಯಿನ್ನ ಬಂದಾಳ ಅನಬ್ಯಾಡ್ರಿ. ಈಗ ಬರಬ್ಯಾಡ್ರಪಾ ಅಂತ ಮಂದಿಗೆ ಬಾಯಿಬಿಟ್ಟು ಹೇಳಾಕ ಬರೂದಿಲ್ಲೇನು?"

"ಮಂದಿ ಸಿಟ್ಟಾಗ್ತಾರ."

"ತಾಯಿ ಸಿಟ್ಟಾಗೂದಿಲ್ಲ?"

"ಪುರಾಣದ ಕೆಲಸ. ಆಕಿ ತಿಳಕೋತಾಳ."

ಮರುದಿನ ಶಂಕ್ರೆಪ್ಪ ದೂರದಿಂದಲೇ ಕೈಮುಗಿದು ಸರಿದ. ಆಮೇಲೆ ಯಾರೂ ಬರಲಿಲ್ಲ. ಲೇಖನಿ ನೀರು ಹರಿದಂತೆ ಹರಿಯಿತು. ಮೂರನೆಯ ದಿನ ಬಾಗಿಲ ಮುಂದೆ ಗಾಡಿ ನಿಂತ ಸಪ್ಪಳ. ತುಸು ಹೊತ್ತಿಗೆ ಅದು ಹೊರಳಿ ಹೋಯಿತು. ಗೌರಾಬಾಯಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಈರಯ್ಯ ತಲೆ ಎತ್ತಲಿಲ್ಲ. ಎತ್ತಲಿಲ್ಲವೆಂದು ಒಳಗೊಳಗೇ ಹಿಗ್ಗಿದ.

ಎಂಟನೆಯ ದಿನ ಪ್ರತಿ ಮುಗಿಯಿತು. ಒಂದು ಕೊಂಬೂ ಒಂದು ಸೊನ್ನೆಯೂ ತಪ್ಪಿರಲಿಲ್ಲ. ಮರುದಿನ ತಿಕೋಟಾದ ಗೌಡರು ಅದನ್ನು ಕಣ್ಣಿಗೊತ್ತಿಕೊಂಡರು. ಅದರ ಮರುದಿನ ಈರಯ್ಯ ಬಬಲೇಶ್ವರದವರೆಗೆ ಮೋಟಾರು ಹತ್ತಿ, ಮುಂದೆ ನಡೆದು ಜೈನಾಪುರ ಮುಟ್ಟಿದ.

ಅಣ್ಣ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. "ಕೂಸು ಹೆಂಗೈತೋ?" ಮೊದಲು ಕೇಳಿದ್ದೇ ಅದನ್ನು.

"ಆರಾಮ ಐತಿ. ಅವ್ವ ಎಲ್ಲಿ?"

"ಮಣ್ಣ ಕೊಟ್ಟು ಮೂರು ದಿನ ಆತೋ ಈರಾ."

ಜ್ವರ ಇಳಿದಿತ್ತಂತೆ. ಈರನನ್ನು ನೋಡಬೇಕು ಅಂದಳೆಂದು ಜಿಲಾನಿಯನ್ನು ಕಳಿಸಿದ್ದರಂತೆ. ಅವನು ಬೇವು ಕಂಡು, ಶಂಕ್ರೆಪ್ಪನನ್ನು ಕೇಳಿ ಖಾತ್ರಿ ಮಾಡಿಕೊಂಡು, ಬಾಗಿಲಿಗೆ ಕೈಮುಗಿದು ತಿರುಗಿದ. ಸುದ್ದಿ ಅವ್ವನ ಕಿವಿಗೆ ಬಿತ್ತು.

"ನನ್ನ ಒಯ್ಯಿ, ಕೂಸಿನ್ನ ಬಿಡು ಅಂತ ತಾಯಿಗೆ ಹರಕಿ ಹೊತ್ತಳು," ಅಂದ ಅಣ್ಣ. "ಅವತ್ತಿಂದ ಗಂಜಿ ಇಲ್ಲ, ಔಷಧ ಇಲ್ಲ. ನಿಮ್ಮ ಅತ್ತಿಗಿ ಬಾಯಿಗೆ ನೀರು ಬಿಟ್ರ ಉಗಳಿದ್ಲು. ಈರಗ ಹೇಳಿ ಕಳಸಬ್ಯಾಡ, ತಾಯಿ ಇದ್ದ ಮನಿ ಬಿಟ್ಟು ಅವ ಏಳಬಾರದು ಅಂದ್ಲು. ನಾಕ ದಿನ ಹಲ್ಲು ಕಚ್ಚಿ ಮಕ್ಕೊಂಡಿದ್ಲೋ."

ಈರಯ್ಯ ಹೇಳಿಬಿಡಬೇಕೆಂದು ತುಟಿ ತೆರೆದ. ಅಷ್ಟರಲ್ಲಿ ನೆರೆಮನೆಯ ಹನಮವ್ವ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಯಪ್ಪಾ, ಒಂದ ಮಾತು ಹೇಳು. ಕೂಸಿನ ಮೈಮ್ಯಾಲ ಸಿಡಬಿನ ಕಲಿ ಉಳದಾವೇನು?"

"ಇಲ್ಲ."

"ಒಂದೂ?"

"ಒಂದೂ ಇಲ್ಲ."

ಹನಮವ್ವ ಓಣಿಯ ಕಡೆ ತಿರುಗಿ ಕೂಗಿದಳು: "ಕೇಳಿದ್ರೇನ್ರೇ, ಒಂದ ಕಲಿನೂ ಇಲ್ಲಂತ! ಮುದುಕಿ ಮಾತು ತಾಯಿ ನಡಿಸ್ಯಾಳ!"

ಮಡಿವಾಳಯ್ಯನ ಬಾಡಿದ ಮುಖದಲ್ಲಿ ನಗು ಮೂಡಿತು. ತಮ್ಮನ ಹೆಗಲ ಮೇಲೆ ಕೈಯಿಟ್ಟು, "ಗೆದ್ದಳಪಾ ನಮ್ಮವ್ವ," ಅಂದ.

ಈರಯ್ಯ ಹೂಂ ಅಂದ.